ಕಾಡಿನ ಹಳೆ ವಿದ್ಯೆ ಈಗಲೂ ಬೇಕಾ? ಓದುಗರ ನಾಲ್ಕು ಪ್ರಶ್ನೆಗೆ ಉತ್ತರ

ಪ್ರಶ್ನೆ: ವಿಡಿಯೊ ನೋಡಿ, ಕಿಡಿ ಹಾರಿಸುವ ಫೆರೋ ರಾಡ್ ತರಿಸಿಕೊಂಡೆ. ಮನೆಯ ಟೆರೇಸಿನಲ್ಲಿ ಹತ್ತಿಗೆ ಕಿಡಿ ತಾಗಿಸಿದರೆ ಸಾಕು, ಹೊತ್ತಿಕೊಳ್ಳುತ್ತಿತ್ತು. ಜುಲೈನಲ್ಲಿ ಸಕಲೇಶಪುರದ ಹೋಮ್‌ಸ್ಟೇ ಅಂಗಳದಲ್ಲಿ ಎರಡು ಗಂಟೆ ಒದ್ದಾಡಿದರೂ ಬೆಂಕಿ ಹತ್ತಲಿಲ್ಲ. ಸ್ನೇಹಿತರೆಲ್ಲ ನಕ್ಕರು. ತಪ್ಪಿದ್ದೆಲ್ಲಿ? ಲೈಟರ್ ಇರುವ ಕಾಲದಲ್ಲಿ ಇದನ್ನು ಕಲಿತು ಏನು ಉಪಯೋಗ? (ಬೆಂಗಳೂರಿನ ಓದುಗರು)

ಉತ್ತರ: ಕಿಡಿಯದ್ದು ಏನೂ ತಪ್ಪಿಲ್ಲ. ನಿಮ್ಮ ಕೈಯಲ್ಲಿ ಲೈಟರ್ ಇದ್ದಿದ್ದರೂ ಅವತ್ತು ಬೆಂಕಿ ಹತ್ತುತ್ತಿರಲಿಲ್ಲ. ಬೆಂಕಿ ಹತ್ತುವುದು ಸೌದೆಯಿಂದ, ಕಡ್ಡಿಯಿಂದಲ್ಲ.

ನೀವು ನೋಡಿದ ವಿಡಿಯೊಗಳಲ್ಲಿ ಹೆಚ್ಚಿನವು ಚಳಿ ದೇಶದವು. ಅಲ್ಲಿ ಬರ್ಚ್ ಮರದ ತೊಗಟೆ ಒದ್ದೆಯಿದ್ದರೂ ಉರಿಯುತ್ತದೆ. ಪೈನ್ ಮರದಲ್ಲಿ ರಾಳ ತುಂಬಿರುತ್ತದೆ. ಸಕಲೇಶಪುರದಲ್ಲಿ ಬರ್ಚ್ ಎಲ್ಲಿಂದ ಬರಬೇಕು? ಆದರೆ ಅದೇ ಊರಿನಲ್ಲಿ ಜುಲೈ ತಿಂಗಳ ಪ್ರತಿ ಬೆಳಗ್ಗೆ ಎಷ್ಟೋ ಮನೆಯ ಬಚ್ಚಲೊಲೆ ಹೊತ್ತಿಕೊಳ್ಳುತ್ತದೆ, ಹಂಡೆಯ ನೀರು ಕಾಯುತ್ತದೆ. ಅದು ಹೇಗೆ ಅಂತ ಆ ಮನೆಯವರನ್ನೇ ಕೇಳಿದ್ದರೆ ಸ್ನೇಹಿತರು ನಗುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಅಜ್ಜಿ ಮಾಡುತ್ತಿದ್ದುದನ್ನು ಹೇಳುತ್ತೇನೆ. ನೆಲದಲ್ಲಿ ಬಿದ್ದಿದ್ದ ಕೊಂಬೆಯನ್ನು ಆಕೆ ಮುಟ್ಟುತ್ತಲೇ ಇರಲಿಲ್ಲ. ಅದು ಸ್ಪಂಜಿನ ಹಾಗೆ ನೀರು ಕುಡಿದಿರುತ್ತದೆ. ನಿಂತಲ್ಲೇ ಒಣಗಿದ ಮರದ, ಮಣಿಕಟ್ಟಿನಷ್ಟು ದಪ್ಪದ ತುಂಡು ಬೇಕು. ಅದನ್ನು ಕತ್ತಿಯಿಂದ ನಾಲ್ಕು ಸೀಳು ಮಾಡುತ್ತಿದ್ದಳು. ಹೊರಗೆ ಕಪ್ಪಗೆ, ತೊಯ್ದು ತೊಪ್ಪೆ. ಒಳಗಿನ ತಿರುಳು ಮಾತ್ರ ತಿಳಿ ಹಳದಿ, ಕೆನ್ನೆಗೆ ತಾಗಿಸಿದರೆ ತಣ್ಣಗೆ ಅನ್ನಿಸುವುದಿಲ್ಲ. ಆ ತಿರುಳಿನಿಂದ ತೆಳ್ಳಗೆ ಸಿಬುರು ಎಬ್ಬಿಸಬೇಕು. ಮೊದಲು ಊದುಬತ್ತಿ ಕಡ್ಡಿಯಷ್ಟು ಸಣ್ಣದು, ಆಮೇಲೆ ಪೆನ್ಸಿಲ್ ದಪ್ಪದ್ದು, ಕೊನೆಗೆ ಹೆಬ್ಬೆರಳಿನಷ್ಟು. ಮೂರೂ ಗುಡ್ಡೆ ಕೈಗೆ ಸಿಗುವ ಹಾಗೆ ಪಕ್ಕದಲ್ಲಿ ಇಟ್ಟುಕೊಂಡ ಮೇಲೇ ಕಡ್ಡಿ ಗೀರುವುದು. ಬಹಳ ಜನ ಸೋಲುವುದು ಇಲ್ಲೇ. ಸಣ್ಣ ಉರಿ ಬಂದ ಖುಷಿಗೆ ದಪ್ಪ ಸೌದೆ ಹುಡುಕಲು ಓಡುತ್ತಾರೆ. ವಾಪಸ್ ಬರುವಷ್ಟರಲ್ಲಿ ಬರೀ ಹೊಗೆ.

ನೆಲ ಒದ್ದೆ ಇದ್ದರೆ ಕೆಳಗೆ ನಾಲ್ಕು ಸೀಳು ಹಾಸಿ ಅದರ ಮೇಲೆ ಹೊತ್ತಿಸಿ. ನಮ್ಮ ಕಡೆಯ ಬರ್ಚ್ ತೊಗಟೆ ಅಂದರೆ ಅಟ್ಟದಲ್ಲಿ ಒಣಗಿಸಿಟ್ಟ ಅಡಿಕೆ ಸಿಪ್ಪೆ, ತೆಂಗಿನ ನಾರು, ಒಂದು ಚೂರು ಧೂಪದ ಅಂಟು. ಕಾಡಿನಲ್ಲಿ ಬೈನೆ ಮರದ ಸೋಗೆಯ ಬುಡದಲ್ಲಿ ಕಂದು ಬಣ್ಣದ ಉಣ್ಣೆಯಂಥದ್ದು ಸಿಗುತ್ತದೆ. ಒಣಗಿದ್ದರೆ ಅದು ಕಿಡಿಯನ್ನು ಚೆನ್ನಾಗಿ ಹಿಡಿಯುತ್ತದೆ. ಏನೂ ಸಿಗದಿದ್ದರೆ ಸೈಕಲ್ ಟ್ಯೂಬಿನ ಬೆರಳುದ್ದದ ತುಂಡು ಮಳೆಯಲ್ಲೂ ಉರಿಯುತ್ತದೆ. ಹೊಗೆ ಕೆಟ್ಟದ್ದು, ಅದರ ಮೇಲೆ ಅಡುಗೆ ಮಾತ್ರ ಬೇಡ. ಇನ್ನು ಊದುಗೊಳವೆ. ಬಾಯಲ್ಲಿ ಬುಸುಬುಸು ಊದಿದರೆ ಸಣ್ಣ ಉರಿ ಸಾಯುತ್ತದೆ. ಕೊಳವೆಯಲ್ಲಿ ಕೆಂಡದ ಬುಡಕ್ಕೇ ಮೆಲ್ಲಗೆ ಗಾಳಿ ಕೊಡಬಹುದು. ನಿಮ್ಮ ಫೆರೋ ರಾಡ್‌ಗಿಂತ ನಾನು ಅದಕ್ಕೇ ಜಾಸ್ತಿ ಬೆಲೆ ಕೊಡುತ್ತೇನೆ.

ಒಂದು ಎಚ್ಚರಿಕೆ. ಇದೆಲ್ಲ ಮನೆಯಂಗಳಕ್ಕೆ, ತೋಟಕ್ಕೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಲ್ಲಿ ಬೆಂಕಿ ಹಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಬೇಸಿಗೆಯಲ್ಲಿ ಒಣಗಿದ ಹುಲ್ಲುಗಾವಲಿಗೆ ಒಂದು ಕಿಡಿ ಬಿದ್ದರೆ ಗುಡ್ಡವೇ ಹೋಗುತ್ತದೆ. ಉಪಯೋಗ ಏನು ಅಂತ ಕೇಳಿದ್ದೀರಿ. ಮಲೆನಾಡಿನಲ್ಲಿ ಮರ ಬಿದ್ದು ನಾಲ್ಕು ದಿನ ಕರೆಂಟ್ ಇಲ್ಲದೆ, ಗ್ಯಾಸೂ ಖಾಲಿಯಾದಾಗ ಗೊತ್ತಾಗುತ್ತದೆ.

ಪ್ರಶ್ನೆ: ದಾರಿ ತಪ್ಪಿದರೆ ಕೈಗಡಿಯಾರದ ಮುಳ್ಳಿನಿಂದ ದಕ್ಷಿಣ ಕಂಡುಹಿಡಿಯಬಹುದು, ಮರದ ಪಾಚಿ ಉತ್ತರಕ್ಕಿರುತ್ತದೆ, ಹಳ್ಳ ಹಿಡಿದು ಇಳಿದರೆ ಊರು ಸಿಗುತ್ತದೆ ಅಂತ ಓದಿದ್ದೇನೆ. ಇವು ಪಶ್ಚಿಮ ಘಟ್ಟದಲ್ಲಿ ಕೆಲಸ ಮಾಡುತ್ತವಾ ಸರ್? (ದಾವಣಗೆರೆಯ ಕಾಲೇಜು ವಿದ್ಯಾರ್ಥಿ)

ಉತ್ತರ: ಮೂರೂ ಇಲ್ಲಿ ಕೈಕೊಡುತ್ತವೆ. ಅದಕ್ಕೆ ಕಾರಣವೂ ಇದೆ.

ಗಡಿಯಾರದ ಉಪಾಯ ನಿಂತಿರುವುದು ಮಧ್ಯಾಹ್ನ ಸೂರ್ಯ ದಕ್ಷಿಣದಲ್ಲಿರುತ್ತಾನೆ ಅನ್ನುವ ಲೆಕ್ಕದ ಮೇಲೆ. ಇಂಗ್ಲೆಂಡಿನಲ್ಲಿ ಅದು ಯಾವಾಗಲೂ ನಿಜ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಸೂರ್ಯ ನೆತ್ತಿಗೇ ಬರುತ್ತಾನೆ, ಕಂಬಕ್ಕೆ ನೆರಳೇ ಇರುವುದಿಲ್ಲ. ಮತ್ತೆ ಆಗಸ್ಟ್ 18ರ ಸುಮಾರಿಗೆ ಹಾಗೆಯೇ ಆಗುತ್ತದೆ. ನಡುವಿನ ಆ ಮೂರೂಮುಕ್ಕಾಲು ತಿಂಗಳು ಮಧ್ಯಾಹ್ನದ ಸೂರ್ಯ ಉತ್ತರಕ್ಕಿರುತ್ತಾನೆ. ಗಡಿಯಾರ ನಂಬಿದರೆ ಉಲ್ಟಾ ಹೋಗುತ್ತೀರಿ. ಅದರ ಬದಲು ನೆಲಕ್ಕೆ ಒಂದು ಕೋಲು ನೆಡಿ. ನೆರಳಿನ ತುದಿಗೆ ಕಲ್ಲಿಡಿ. ಇಪ್ಪತ್ತು ನಿಮಿಷ ಬಿಟ್ಟು ಹೊಸ ತುದಿಗೆ ಇನ್ನೊಂದು ಕಲ್ಲಿಡಿ. ಮೊದಲ ಕಲ್ಲು ಪಶ್ಚಿಮ, ಎರಡನೆಯದು ಪೂರ್ವ. ಮಧ್ಯಾಹ್ನದ ಆಸುಪಾಸಿನಲ್ಲಿ ಮಾಡಿದರೆ ವರ್ಷವಿಡೀ ಸರಿಯಾಗಿ ಹೇಳುತ್ತದೆ.

ಪಾಚಿಯ ವಿಷಯ ಬಿಡಿ. ಆಗುಂಬೆ ಕಡೆ ಮರದ ಸುತ್ತಲೂ ಪಾಚಿ. ಧ್ರುವ ನಕ್ಷತ್ರವೂ ಅಷ್ಟೇ. ನಾವಿರುವ ಅಕ್ಷಾಂಶ ಎಷ್ಟೋ ಅದು ಅಷ್ಟೇ ಎತ್ತರದಲ್ಲಿ ಕಾಣುತ್ತದೆ. ಚಿಕ್ಕಮಗಳೂರಿನಲ್ಲಿ ಸುಮಾರು 13 ಡಿಗ್ರಿ. ಕೈ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಅಂದರೆ ದಿಗಂತದಿಂದ ಒಂದು ಮುಷ್ಟಿಗಿಂತ ಸ್ವಲ್ಪ ಮೇಲೆ. ಎದುರಿಗೆ ಒಂದು ಗುಡ್ಡ ಇದ್ದರೆ ಮುಗಿಯಿತು. ಚಳಿಗಾಲದ ಚಾರಣದಲ್ಲಿ ಓರಿಯನ್ ನಕ್ಷತ್ರಪುಂಜದ ನಡುಪಟ್ಟಿಯ ಮೂರು ನಕ್ಷತ್ರ ನೋಡಿಕೊಳ್ಳಿ. ಅವು ಹೆಚ್ಚುಕಡಿಮೆ ನೇರ ಪೂರ್ವದಲ್ಲಿ ಹುಟ್ಟಿ ನೇರ ಪಶ್ಚಿಮದಲ್ಲಿ ಮುಳುಗುತ್ತವೆ.

ಹಳ್ಳದ ಮಾತು ಮಾತ್ರ ನಿಜಕ್ಕೂ ಅಪಾಯದ್ದು. ಘಟ್ಟದ ಪಶ್ಚಿಮ ಅಂಚು ಮೆಟ್ಟಿಲಿಲ್ಲದ ಗೋಡೆ ಇದ್ದ ಹಾಗೆ. ಶರಾವತಿಯಂಥ ನದಿಯೇ ಜೋಗದಲ್ಲಿ 253 ಮೀಟರ್ ಧುಮುಕುತ್ತದೆ, ಹೆಸರಿಲ್ಲದ ಹಳ್ಳಗಳ ಕತೆ ಕೇಳಬೇಕಾ? ವಯಸ್ಸಿನ ಹುಮ್ಮಸ್ಸಿನಲ್ಲಿ ನಾನೂ ಒಮ್ಮೆ ಚಾರ್ಮಾಡಿ ಕಡೆ ಹಳ್ಳ ಹಿಡಿದು ಇಳಿದವನೇ. ಒಂದು ಗಂಟೆ ಇಳಿದ ಮೇಲೆ ಎದುರಿಗೆ ಆಕಾಶ ಕಂಡಿತು. ಊರು ಬಂತು ಅಂದುಕೊಂಡೆ. ನೋಡಿದರೆ ಕಾಲಬುಡದಲ್ಲಿ ನೆಲವೇ ಇರಲಿಲ್ಲ. ಹತ್ತಿ ವಾಪಸ್ ಬರಲು ಸಂಜೆಯಾಯಿತು. ದಾರಿ ತಪ್ಪಿದ್ದು ಗೊತ್ತಾದ ಕೂಡಲೇ ಅಲ್ಲೇ ಕೂತುಬಿಡಿ. ಬಂದ ಹೆಜ್ಜೆ ಸ್ಪಷ್ಟ ಇದ್ದರೆ ಮಾತ್ರ ಹಿಂದಕ್ಕೆ ಹೋಗಿ. ಇಲ್ಲವಾದರೆ ಬಯಲಿನಂಥ ಜಾಗದಲ್ಲಿ ನಿಂತು ಮೂರು ಸಲ ಸೀಟಿ ಊದಿ, ಬಿಟ್ಟು ಬಿಟ್ಟು ಮತ್ತೆ ಊದಿ. ಸಿಗ್ನಲ್ ಇದ್ದರೆ 112ಕ್ಕೆ ಕರೆ ಮಾಡಿ.

ಪ್ರಶ್ನೆ: ಮಗಳು ಗೈಡ್ಸ್ ಸೇರಿದ್ದಾಳೆ. ಮನೆಗೆ ಬಂದು ಕಿಟಕಿ ಸರಳಿಗೆಲ್ಲ ಗಂಟು ಹಾಕುತ್ತಾಳೆ. ಈಗಿನ ಕಾಲದಲ್ಲಿ ಇದೆಲ್ಲ ಯಾಕೆ ಬೇಕು? (ಮೈಸೂರಿನ ಓದುಗರು)

ಉತ್ತರ: ಹಾಕಲಿ ಬಿಡಿ. ಭಾರತದಲ್ಲಿ ಸ್ಕೌಟ್ ಚಟುವಟಿಕೆ ಶುರುವಾದದ್ದೇ ಬೆಂಗಳೂರಿನ ಶಾಲೆಯೊಂದರಲ್ಲಿ, 1909ರಲ್ಲಿ. ಅವತ್ತಿನಿಂದ ಇವತ್ತಿನವರೆಗೆ ಕಿಟಕಿ ಸರಳಿಗೆ ಬಿಡುವಿಲ್ಲ!

ಬೋಲೈನ್ ಅನ್ನುವ ಗಂಟು ಕಲಿತಿದ್ದಾಳಾ ಕೇಳಿ. ಅದರ ಕುಣಿಕೆ ಎಷ್ಟು ಎಳೆದರೂ ಬಿಗಿಯುವುದಿಲ್ಲ. ಕೆಲಸ ಮುಗಿದ ಮೇಲೆ ಸುಲಭವಾಗಿ ಬಿಚ್ಚುತ್ತದೆ. ಕರುವಿನ ಕೊರಳಿಗೆ ಜೀರುಕುಣಿಕೆ ಹಾಕಬಾರದು, ಎಳೆದಷ್ಟೂ ಉಸಿರು ಕಟ್ಟುತ್ತದೆ ಅಂತ ದನ ಸಾಕಿದವರಿಗೆ ಗೊತ್ತು. ಬಾವಿಗೆ ಬಿದ್ದ ಮನುಷ್ಯನನ್ನು ಎತ್ತುವಾಗಲೂ ಅದೇ ಮಾತು. ರೀಫ್ ಗಂಟು ಬ್ಯಾಂಡೇಜಿಗೆ ಒಳ್ಳೆಯದು, ಚಪ್ಪಟೆ ಕೂರುತ್ತದೆ. ಎರಡು ಹಗ್ಗ ಜೋಡಿಸಿ ಭಾರ ಎಳೆಯಲು ಮಾತ್ರ ಅದನ್ನು ನಂಬಬೇಡಿ. ಸದ್ಯಕ್ಕೆ ಮಗಳ ಕೈಯಲ್ಲಿ ಬಟ್ಟೆ ಒಣಹಾಕುವ ಹಗ್ಗ ಕಟ್ಟಿಸಿ. ಒದ್ದೆ ಬೆಡ್‌ಶೀಟ್ ಹಾಕಿದರೂ ಜೋಲದಿದ್ದರೆ ಪಾಸ್.

ಪ್ರಶ್ನೆ: ಜನವರಿಯಲ್ಲಿ ಶಾಲಾ ಮಕ್ಕಳನ್ನು ಎರಡು ದಿನದ ಶಿಬಿರಕ್ಕೆ ಕರೆದೊಯ್ಯುತ್ತಿದ್ದೇವೆ. ಹಳೆಯ ಕೈಪಿಡಿಯೊಂದರಲ್ಲಿ ಒಣ ಎಲೆ ಹಾಸಿ ಮಲಗುವ ವಿಧಾನ ಇದೆ. ಮಕ್ಕಳಿಗೆ ಮಾಡಿಸಬಹುದಾ? (ತೀರ್ಥಹಳ್ಳಿ ಕಡೆಯ ಶಿಕ್ಷಕರು)

ಉತ್ತರ: ಖಂಡಿತ ಬೇಡ ಮೇಷ್ಟ್ರೇ. ನಿಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲೇ 1957ರಲ್ಲಿ ಮಂಗನ ಕಾಯಿಲೆ ಮೊದಲು ಗೊತ್ತಾದದ್ದು. ಅದನ್ನು ಹರಡುವ ಉಣುಗುಗಳು ಇರುವುದೇ ದರಗಿನಲ್ಲಿ, ಅಂದರೆ ಉದುರಿದ ಒಣ ಎಲೆಯಲ್ಲಿ. ಡಿಸೆಂಬರ್‌ನಿಂದ ಮೇವರೆಗೆ ಅವುಗಳ ಕಾಟ ಜಾಸ್ತಿ. ಕೈಪಿಡಿ ಬರೆದವರ ಕಾಡಿನಲ್ಲಿ ಆ ಚಿಂತೆ ಇರಲಿಲ್ಲ.

ದರಗು ಗುಡಿಸಿದ ಅಂಗಳ ಅಥವಾ ಶಾಲೆಯ ಜಗಲಿಯಲ್ಲಿ ಮಲಗಿಸಿ. ಮಕ್ಕಳು ತುಂಬುತೋಳು, ಪ್ಯಾಂಟ್ ಹಾಕಲಿ. ಆರೋಗ್ಯ ಕೇಂದ್ರದಲ್ಲಿ ಉಣುಗು ಹತ್ತದಂತೆ ಮೈಗೆ ಹಚ್ಚುವ ಡೇಪಾ ತೈಲ ಕೇಳಿ, ಹಚ್ಚುವ ಕ್ರಮವನ್ನೂ ಅವರಿಂದಲೇ ತಿಳಿದುಕೊಳ್ಳಿ. ಸಂಜೆ ಬಿಸಿನೀರಿನ ಸ್ನಾನ, ಬಟ್ಟೆ ಬದಲು. ಕಿವಿಯ ಹಿಂದೆ, ಕಂಕುಳು, ಮಂಡಿಯ ಹಿಂಬದಿ ನೋಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ಶಿಬಿರದಿಂದ ಬಂದ ಒಂದೆರಡು ವಾರದಲ್ಲಿ ಯಾವ ಮಗುವಿಗಾದರೂ ಜ್ವರ ಬಂದರೆ, ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳುವುದು ಮರೆಯಬಾರದು.

ಹಳೆಯದೇನಾದರೂ ಕಲಿಸಬೇಕು ಅಂದರೆ ಒಂದು ಕರಿ ಕಂಬಳಿ ತನ್ನಿ, ಚಳ್ಳಕೆರೆ ಕಡೆಯದಾದರೆ ಇನ್ನೂ ಒಳ್ಳೆಯದು. ನೂಲಿಗೆ ಹುಣಸೆಬೀಜದ ಗಂಜಿ ಹಾಕಿ ನೇಯ್ದಿರುತ್ತಾರೆ, ಹೊಸದು ಚುಚ್ಚುತ್ತದೆ. ಇಬ್ಬನಿ ಬಿದ್ದು ತೇವವಾದರೂ ಬೆಚ್ಚಗೇ ಇರುತ್ತದೆ. ಕಿಡಿ ಬಿದ್ದರೆ ನೈಲಾನ್ ಮಲಗುಚೀಲದ ಹಾಗೆ ಕರಗಿ ಮೈಗೆ ಅಂಟುವುದಿಲ್ಲ, ಸುಟ್ಟ ಕೂದಲಿನ ವಾಸನೆ ಬಂದು ಅಲ್ಲೇ ಆರುತ್ತದೆ. ಕಂಬಳಿಯನ್ನು ಮಡಚಿ ತಲೆಯ ಮೇಲಿಂದ ಹೊದೆಯುವ ಕೊಪ್ಪೆ ಕಟ್ಟುವುದು ಹೇಗೆ ಅಂತ ಊರಿನ ಹಿರಿಯರೊಬ್ಬರನ್ನು ಕರೆಸಿ ಮಕ್ಕಳಿಗೆ ತೋರಿಸಿ. ನಾನಂತೂ ಇನ್ನೂ ಸರಿಯಾಗಿ ಕಟ್ಟುವುದಿಲ್ಲ, ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಕಣ್ಣಿನ ಮೇಲೆ ಜಾರುತ್ತದೆ.