ಐದು ವರ್ಷದ ಯೋಜನೆ ಆಮೇಲೆ, ಮೊದಲು ಠರಾವು ಪುಸ್ತಕ ತೆಗೆಯಿರಿ

ಇಂಗ್ಲೆಂಡಿನ ಒಂದು ಪುಟ್ಟ ಚಾರಿಟಿ ನಿಮ್ಮ ಸಂಸ್ಥೆಗೆ ಹಣ ಕೊಡುತ್ತಿದೆ. ಈಗ ಅವರು ಮುಂದಿನ ಐದು ವರ್ಷದ ಯೋಜನೆ ಕೇಳಿದ್ದಾರೆ. ಕನ್ಸಲ್ಟಂಟ್ ಇಟ್ಟು ಬರೆಸೋಣವೋ, ನಾವೇ ಬರೆಯೋಣವೋ ಅನ್ನೋದು ನಿಮ್ಮ ಪ್ರಶ್ನೆ. ಕಮಿಟಿ ಬಗ್ಗೆ ಮಾತ್ರ ಒಂದೇ ಸಾಲು ಬರೆದಿದ್ದೀರಿ: "ಏಳೂ ಜನ ಒಳ್ಳೆಯವರು, ಯಾವುದಕ್ಕೂ ಅಡ್ಡಿ ಮಾಡುವುದಿಲ್ಲ." ನನಗೆ ಗಾಬರಿಯಾಗಿದ್ದು ಆ ಸಾಲು ಓದಿ.

ರೋಣ ತಾಲ್ಲೂಕಿನಲ್ಲಿ ಇಂಥದ್ದೇ ಒಂದು ಸಂಸ್ಥೆಗೆ ನಾನು ಹನ್ನೊಂದು ವರ್ಷ ಕಾರ್ಯದರ್ಶಿಯಾಗಿದ್ದೆ. 2009ರ ನೆರೆ ನಂತರ ಇಂಗ್ಲೆಂಡಿನವರ ಪರಿಚಯವಾಯಿತು. ಅವರೇನು ದೊಡ್ಡ ಸಂಸ್ಥೆಯಲ್ಲ. ಆರು ಜನ ಟ್ರಸ್ಟಿಗಳು, ಹೆಚ್ಚಿನವರು ನಿವೃತ್ತ ಮಾಸ್ತರರು. ಕೇಕ್ ಮಾರಿ, ಮೈಲಿಗಟ್ಟಲೆ ನಡೆದು ಹಣ ಕೂಡಿಸುತ್ತಿದ್ದರು. ಅದರಲ್ಲಿ ನಮ್ಮ ಆರು ಹಳ್ಳಿಗಳ ಸಂಜೆ ಶಾಲೆ ನಡೆಯುತ್ತಿತ್ತು.

ನಮ್ಮಲ್ಲೂ ಏಳು ಜನ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಸಂಘ ಕಟ್ಟಲು ಕಡಿಮೆ ಅಂದರೆ ಏಳು ಜನ ಬೇಕು, ಅಲ್ವಾ? ಹಾಗಾಗಿ ಏಳು. ಎಂಟನೆಯವರು ಯಾಕೆ ಬೇಕು ಅಂತ ಯಾರೂ ಯೋಚಿಸಿರಲಿಲ್ಲ.

ನನ್ನ ತಪ್ಪು ಹೇಳುತ್ತೇನೆ. ನಾನು ಸಭೆ ಕರೆಯುತ್ತಿರಲಿಲ್ಲ. ಠರಾವು ಪುಸ್ತಕವನ್ನು ಬೈಕಿನ ಚೀಲದಲ್ಲಿ ಹಾಕಿಕೊಂಡು ಮನೆಮನೆಗೆ ಹೋಗುತ್ತಿದ್ದೆ. ಹೊಲದ ಬದುವಿನ ಮೇಲೆ ಒಂದು ಸಹಿ, ಗದಗದ ಎಪಿಎಂಸಿಯಲ್ಲಿ ಇನ್ನೊಂದು. ಒಂದು ಸಲ ಮದುವೆ ಊಟದ ಪಂಕ್ತಿಯಲ್ಲಿ ಕೂತವರಿಂದ, ಎಡಗೈಲಿ ಪುಸ್ತಕ ಹಿಡಿಸಿ, ಸಹಿ ಹಾಕಿಸಿಕೊಂಡಿದ್ದೇನೆ. "ನೀ ಬರದಿ ಅಂದ್ರ ಬರೋಬ್ಬರಿನ ಇರ್ತೈತಿ ತಗೋ ತಮ್ಮಾ" ಅನ್ನುತ್ತಿದ್ದರು. ನನಗೆ ಅದು ನಂಬಿಕೆ ಅನ್ನಿಸುತ್ತಿತ್ತು. ನಿಜ ಹೇಳಬೇಕೆಂದರೆ ಅನುಕೂಲವಾಗಿತ್ತು. ಯಾರೂ ಪ್ರಶ್ನೆ ಕೇಳುತ್ತಿರಲಿಲ್ಲ, ಕೆಲಸ ಬೇಗ ಮುಗಿಯುತ್ತಿತ್ತು.

ಸಭೆಯೇ ಇಲ್ಲ ಅಂದಮೇಲೆ ಯಾರು ಇದ್ದಾರೆ, ಯಾರು ಇಲ್ಲ ಅನ್ನುವುದೂ ಲೆಕ್ಕಕ್ಕೆ ಬರಲಿಲ್ಲ. ಪ್ರತಿ ವರ್ಷ ಪದಾಧಿಕಾರಿಗಳ ಪಟ್ಟಿ ಕೊಡಬೇಕಲ್ಲ, ಅದನ್ನು ಹಿಂದಿನ ವರ್ಷದ್ದು ನೋಡಿ ಬರೆಯುತ್ತಿದ್ದೆ. ಒಬ್ಬ ಸದಸ್ಯರು ಮಗನ ಜೊತೆ ಪುಣೆಗೆ ಹೋಗಿ ನೆಲೆಸಿದರು, ಪಟ್ಟಿಯಲ್ಲಿ ಇದ್ದರು. ಉಪಾಧ್ಯಕ್ಷರು ತೀರಿಕೊಂಡರು. ಅವರ ಮಣ್ಣಿಗೆ ನಾನೇ ಹೋಗಿದ್ದೆ. ಅವರೂ ಪಟ್ಟಿಯಲ್ಲಿ ಇದ್ದರು! ಒಂದಲ್ಲ, ಮೂರು ವರ್ಷ. ದುಡ್ಡು ತಿನ್ನಲಿಲ್ಲ, ಕಳ್ಳ ಸಹಿ ಹಾಕಲಿಲ್ಲ. ಸುಮ್ನೆ ನಕಲು ಮಾಡಿದೆ, ಅಷ್ಟೇ. ಆ ನಕಲೇ ನಮ್ಮನ್ನು ಮುಳುಗಿಸಿತು.

2020ರ ಸೆಪ್ಟೆಂಬರಿನಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿ ಬಂತು. ಎಫ್‌ಸಿಆರ್‌ಎ ಅಂತಾರಲ್ಲ, ಅದೇ. ವಿದೇಶದ ಹಣ ತಗೊಳ್ಳಲು ನಮ್ಮಂಥ ಸಂಸ್ಥೆಗೆ ಅದರಡಿ ನೋಂದಣಿ ಬೇಕು. ವಿದೇಶದ ಹಣ ಮೊದಲು ದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಗೇ ಬರಬೇಕು. ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಎಲ್ಲ ಪದಾಧಿಕಾರಿಗಳ ಆಧಾರ್ ಕೊಡಬೇಕು. ತೀರಿಹೋದವರ ಆಧಾರ್ ಎಲ್ಲಿಂದ ತರಲಿ? ಆ ನೋಂದಣಿಯ ನವೀಕರಣದ ಗಡುವನ್ನು ಸರ್ಕಾರ ಕೆಲವು ಸಲ ಮುಂದೆ ಹಾಕಿತು. ಅಷ್ಟು ಹೊತ್ತಿಗೆ ಸಭೆ ಕರೆದು ಹೊಸಬರನ್ನು ಆರಿಸಿ ಎಲ್ಲ ಸರಿಮಾಡಬಹುದಿತ್ತು. ಗಡುವು ಮುಂದೆ ಹೋದಾಗಲೆಲ್ಲ ನಾನು ಚಹಾ ಕುಡಿದು ಮಲಗಿದೆ. ಕೊನೆಗೆ ಒಂದೊಂದು ಕಡೆ ಒಂದೊಂದು ಹೆಸರು, ಯಾವ ಪಟ್ಟಿಯೂ ಇನ್ನೊಂದಕ್ಕೆ ತಾಳೆಯಾಗಲಿಲ್ಲ. ನೋಂದಣಿ ಹೋಯಿತು. ನೋಂದಣಿ ಹೋದರೆ ಹೊಸ ಹಣ ಬರುವಂತಿಲ್ಲ, ಖಾತೆಯಲ್ಲಿ ಇದ್ದದ್ದನ್ನೂ ಮುಟ್ಟುವಂತಿಲ್ಲ. ಐದು ಜನ ಶಿಕ್ಷಕಿಯರ ಸಂಬಳ ನಿಂತಿತು. ಅದರಲ್ಲಿ ಒಬ್ಬಾಕೆ ಇವತ್ತಿಗೂ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಾರೆ.

ಇಂಗ್ಲೆಂಡಿನವರು ಬೈಯಲಿಲ್ಲ. ಅವರೂ ವರ್ಷ ಮುಗಿದ 10 ತಿಂಗಳೊಳಗೆ ತಮ್ಮ ಚಾರಿಟಿ ಕಮಿಷನ್ನಿಗೆ ಲೆಕ್ಕ ಕೊಡಬೇಕು, ಅದಕ್ಕೆ ಟ್ರಸ್ಟಿಗಳೇ ಹೊಣೆ. ಮುಂದಿನ ವರ್ಷದ ಹಣ ಬೇರೆ ದೇಶಕ್ಕೆ ಹೋಗುತ್ತದೆ ಅಂತ ನಾಲ್ಕು ಸಾಲು ಬರೆದರು.

ಅಂದಹಾಗೆ, ಆಗ ನಮ್ಮ ಹತ್ತಿರ ಐದು ವರ್ಷದ ಯೋಜನೆ ಇತ್ತು. ಹುಬ್ಬಳ್ಳಿಯಲ್ಲಿ ಸ್ಪೈರಲ್ ಬೈಂಡಿಂಗ್ ಮಾಡಿಸಿದ್ದೆ.

ಹಾಗಾಗಿ ಕನ್ಸಲ್ಟಂಟೋ ನೀವೋ ಅನ್ನುವ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಕನ್ಸಲ್ಟಂಟ್ ಫೀಸು ಆಡಳಿತ ಖರ್ಚಿಗೆ ಬೀಳುತ್ತದೆ. ವಿದೇಶಿ ಹಣದಲ್ಲಿ ಅದರ ಮಿತಿ ಮೊದಲು ಶೇ. 50 ಇತ್ತು, 2020ರಿಂದ ಶೇ. 20. ಆ ದುಡ್ಡು ಲೆಕ್ಕ ಬರೆಯುವವರಿಗೆ ಕೊಡಿ. ಎಫ್‌ಸಿಆರ್‌ಎ ನೋಂದಣಿ ಇರುವುದೇ ಐದು ವರ್ಷಕ್ಕೆ. ನಿಮ್ಮದು ಯಾವ ತಾರೀಖಿಗೆ ಮುಗಿಯುತ್ತದೆ ಅನ್ನೋದು ನಿಮ್ಮ ಯೋಜನೆಯ ಮೊದಲ ಸಾಲಾಗಬೇಕು. ಆ ತಾರೀಖು ಕಮಿಟಿಯಲ್ಲಿ ಎಷ್ಟು ಜನರಿಗೆ ಗೊತ್ತು ಅಂತ ಇವತ್ತೇ ಫೋನ್ ಮಾಡಿ ಕೇಳಿ. ಆಮೇಲೆ ಅಡ್ಡಿ ಮಾಡುವವರನ್ನು ಒಳಗೆ ತನ್ನಿ. ಹೊರಗಿನ ದೊಡ್ಡ ಹೆಸರು ಬೇಡ. ಸ್ವಸಹಾಯ ಸಂಘದಲ್ಲಿ ಹತ್ತು ವರ್ಷ ಲೆಕ್ಕ ನೋಡಿದ ಹೆಣ್ಣುಮಗಳು ನೂರು ಪಾಲು ಮೇಲು. ನಮ್ಮ ಗದಗಿನ ಕಣಗಿನಹಾಳದಲ್ಲಿ 1905ರಲ್ಲೇ ರೈತರು ಕೂತು ಸಹಕಾರ ಸಂಘ ಕಟ್ಟಿದರು. ನಮಗೆ ಸಭೆ ನಡೆಸಲು ಲಂಡನ್ನಿನವರು ಕಲಿಸಬೇಕಾ?

ಈಗ ನಾವು ಎರಡೇ ಹಳ್ಳಿಗೆ ಇಳಿದಿದ್ದೇವೆ, ಊರವರ ದುಡ್ಡಿನಲ್ಲಿ. ಸೋಮವಾರ ಎತ್ತು ಹೂಡುವುದಿಲ್ಲ, ಹಾಗಾಗಿ ತಿಂಗಳ ಮೊದಲ ಸೋಮವಾರ ಸಭೆ. ಒಂಬತ್ತು ಜನ, ಅದರಲ್ಲಿ ನಾಲ್ವರು ಹೆಣ್ಣುಮಕ್ಕಳು. ಹೋದ ಸಭೆಯಲ್ಲಿ ನನ್ನ ಓಡಾಟದ ಬಿಲ್ಲು ಇಟ್ಟೆ, 1,840 ರೂಪಾಯಿ. "ಬಸ್ಸಿನ್ಯಾಗ ಹೋಗಿದ್ರ ಇಷ್ಟ್ ಆಗ್ತಿರಲಿಲ್ಲಲ್ರೀ, ನಾ ಸಹಿ ಮಾಡಂಗಿಲ್ಲ" ಅಂದರು ಒಬ್ಬ ಅಕ್ಕ. ಬಿಲ್ಲು ಇನ್ನೂ ಪಾಸಾಗಿಲ್ಲ.