ಆಟಿಕೆ ಅಥವಾ ಮನೆಬಳಕೆ ವಸ್ತುವಿನ ಐಡಿಯಾ ಇದ್ದರೆ ಮೊದಲು ಪೇಟೆಂಟಾ, ಕಂಪನಿಗೆ ತೋರಿಸುವುದಾ?

ನೀವು ಕೇಳಿದ್ದು ಇಷ್ಟು. ನಿಮ್ಮ ಹತ್ತಿರ ಎರಡು ಐಡಿಯಾ ಇದೆ. ಒಂದು, ಅಂಚಿನಲ್ಲಿ ಬಾಚಣಿಗೆಯಂಥ ಹಲ್ಲುಗಳಿರುವ ಕಸದ ಮೊರ. ಪೊರಕೆಗೆ ಸುತ್ತಿಕೊಂಡ ಕೂದಲನ್ನು ಆ ಹಲ್ಲಿಗೆ ಎಳೆದು ಬಿಡಿಸಬಹುದು. ಹಲ್ಲುಗಳ ನಡುವಿನ ಒಂದು ಪಟ್ಟಿಯನ್ನು ಕಾಲಿನಿಂದ ಒತ್ತಿದರೆ ಕೂದಲು ತಾನಾಗಿ ಮೊರಕ್ಕೆ ಬೀಳುತ್ತದೆ. ಇನ್ನೊಂದು, ಅಯಸ್ಕಾಂತದಿಂದ ಅಂಟಿಕೊಳ್ಳುವ, ಮಕ್ಕಳು ಜೋಡಿಸಿ ಆಡುವ ಆಟಿಕೆ. ಮೊದಲು ಪೇಟೆಂಟ್ ಮಾಡಿಸಬೇಕಾ, ಕಂಪನಿಗೆ ತೋರಿಸಬೇಕಾ, ತೋರಿಸಿದರೆ ಕದಿಯುವುದಿಲ್ವಾ ಅಂತ ಪ್ರಶ್ನೆ.

ನಾನು ಪೇಟೆಂಟ್ ಅರ್ಜಿ ಬರೆದುಕೊಡುವ ಕೆಲಸದಲ್ಲಿದ್ದೇನೆ. ಚಿಕ್ಕ ಉತ್ತರ ಬೇಕಿದ್ದರೆ: ಮೊದಲು ಹುಡುಕಿ, ಆಮೇಲೆ ಕೆಲಸ ಮಾಡುವ ಒಂದು ಮಾದರಿ ಮಾಡಿ, ಅರ್ಜಿ ಹಾಕಿ, ಅದಾದ ಮೇಲೆ ತೋರಿಸಿ. ಆದರೆ ಮೊರದ ದಾರಿ ಬೇರೆ, ಆಟಿಕೆಯ ದಾರಿ ಬೇರೆ. ಮತ್ತೆ ಕದಿಯುತ್ತಾರೆ ಅನ್ನುವ ಭಯ ನಿಮಗೆ ಸ್ವಲ್ಪ ಜಾಸ್ತಿಯೇ ಇದೆ. ನಾನು ನೋಡಿದ ಮಟ್ಟಿಗೆ, ಕದಿಸಿಕೊಂಡು ಕೈಸುಟ್ಟುಕೊಂಡವರು ಕಡಿಮೆ. ಯಾರೂ ಕೊಳ್ಳದ ವಸ್ತುವಿಗೆ, ಅಥವಾ ಹೊಸದೇ ಅಲ್ಲದ ವಸ್ತುವಿಗೆ ದುಡ್ಡು ಸುರಿದವರೇ ಹೆಚ್ಚು.

ಹುಡುಕುವುದು ಅಂದರೆ ಎರಡು ಪದ ಟೈಪ್ ಮಾಡಿ ‘ಎಲ್ಲೂ ಇಲ್ಲ’ ಅಂತ ಖುಷಿಪಡುವುದಲ್ಲ. ಗೂಗಲ್ ಪೇಟೆಂಟ್ಸ್ ಇದೆ, ಯುರೋಪಿನ ಪೇಟೆಂಟ್ ಕಚೇರಿ ನಡೆಸುವ ಎಸ್ಪಾಸ್‌ನೆಟ್ ಇದೆ. ಎರಡೂ ಉಚಿತ. ಪದ ಹಾಕಿ ಹುಡುಕಿದರೆ ಅರ್ಧ ತಪ್ಪಿಹೋಗುತ್ತದೆ. ಪೇಟೆಂಟ್ ಬರೆಯುವವರು ಮೊರವನ್ನು ಮೊರ ಅಂತ ಬರೆಯುವುದಿಲ್ಲ, ‘ಕಸ ಸಂಗ್ರಹಿಸುವ ಸಾಧನ’ ಅನ್ನುತ್ತಾರೆ. (ಆ ಪಾಪದಲ್ಲಿ ನನಗೂ ಪಾಲಿದೆ.) ಅದಕ್ಕೇ ಪೇಟೆಂಟ್ ಕಚೇರಿಗಳು ವಸ್ತುವಿನ ಬಗೆ ನೋಡಿ ಕೊಡುವ ವರ್ಗದ ಕೋಡ್ ಹಿಡಿದು ಹುಡುಕಬೇಕು. ಆಟಿಕೆಗಳು ಎ63ಎಚ್ ವರ್ಗದಲ್ಲಿ ಬರುತ್ತವೆ, ಮನೆ ಗುಡಿಸಿ ಒರೆಸುವ ಸಾಧನಗಳು ಎ47ಎಲ್‌ನಲ್ಲಿ, ಅಡುಗೆಮನೆ ಉಪಕರಣಗಳು ಎ47ಜೆಯಲ್ಲಿ, ಬ್ರಷ್‌ಗಳು ಎ46ಬಿಯಲ್ಲಿ. ಆ ವರ್ಗದೊಳಗೆ ಹೋಗಿ ಬರೀ ಚಿತ್ರಗಳನ್ನು ನೋಡುತ್ತಾ ಹೋಗಿ. ನಿಮ್ಮ ಮೊರದ ಹಾಗಿರುವುದು ಕಂಡರೆ ಕಣ್ಣಿಗೆ ತಕ್ಷಣ ಹೊಡೆಯುತ್ತದೆ. ಒಂದು ಮಿತಿ ಇದೆ. ಅರ್ಜಿಗಳು ಸಾಮಾನ್ಯವಾಗಿ 18 ತಿಂಗಳ ನಂತರವೇ ಪ್ರಕಟವಾಗುತ್ತವೆ. ಹಾಗಾಗಿ ಈಚಿನ ಒಂದೂವರೆ ವರ್ಷದ್ದು ಯಾರಿಗೂ ಕಾಣುವುದಿಲ್ಲ.

ಹುಡುಕಿದಾಗ ನಿಮಗೆ ಸಿಗುವುದು ಏನು ಅಂತ ಈಗಲೇ ಹೇಳಿಬಿಡುತ್ತೇನೆ. ಹಲ್ಲಿರುವ ಮೊರ ಹೊಸದಲ್ಲ, ಅಂಗಡಿಯಲ್ಲೇ ಸಿಗುತ್ತದೆ. ಬೇಜಾರಾಗಬೇಡಿ. ನಿಮ್ಮ ಪ್ರಶ್ನೆಯ ಕೊನೆಯಲ್ಲಿ ಸುಮ್ನೆ ಒಂದು ಮಾತಾಗಿ ಬರೆದ ಆ ಪಟ್ಟಿ ಇದೆಯಲ್ಲ, ಇಡೀ ವಿಷಯ ಇರುವುದು ಅಲ್ಲಿ.

ಪೇಟೆಂಟಿನಲ್ಲಿ ಜೀವ ಇರುವುದು ಕ್ಲೇಮ್ ಅನ್ನುವ ಭಾಗದಲ್ಲಿ, ಅಂದರೆ ಯಾವುದರ ಮೇಲೆ ನಿಮಗೆ ಹಕ್ಕು ಬೇಕು ಅಂತ ಹೇಳುವ ಸಾಲುಗಳಲ್ಲಿ. ವಿವರಣೆ, ಚಿತ್ರ ಎಲ್ಲ ಅದಕ್ಕೆ ಆಸರೆ. ಹೊಸಬರು ಬರೆದುಕೊಂಡು ಬರುವ ಕ್ಲೇಮ್ ಹೀಗಿರುತ್ತದೆ: ‘ಪ್ಲಾಸ್ಟಿಕ್ ಮೊರ, ಅದರ ಅಂಚಿನಲ್ಲಿ 12 ಹಲ್ಲು, ಸ್ಪ್ರಿಂಗ್‌ನಿಂದ ಹಿಂದಕ್ಕೆ ಬರುವ ಪಟ್ಟಿ.’ ನೋಡಲು ಚೆನ್ನಾಗಿದೆ. ಆದರೆ ಒಬ್ಬ ತಯಾರಕ ನಿಮ್ಮ ಪೇಟೆಂಟ್ ಮುರಿದಿದ್ದಾನೆ ಅನ್ನಬೇಕಿದ್ದರೆ ಕ್ಲೇಮಿನಲ್ಲಿರುವ ಪ್ರತಿಯೊಂದು ಅಂಶವೂ ಅವನ ವಸ್ತುವಿನಲ್ಲಿ ಇರಬೇಕು. ಅವನು 11 ಹಲ್ಲು ಹಾಕುತ್ತಾನೆ. ಅಥವಾ ತಗಡಿನಲ್ಲಿ ಮಾಡುತ್ತಾನೆ. ಅಥವಾ ಸ್ಪ್ರಿಂಗ್ ಬದಲು ರಬ್ಬರ್ ಪಟ್ಟಿ ಕಟ್ಟುತ್ತಾನೆ. ನೀವು ಸೇರಿಸಿದ ಒಂದೊಂದು ಪದವೂ ಅವನಿಗೆ ಒಂದೊಂದು ಬಾಗಿಲು.

ನಾನಾದರೆ ಮೊದಲ ಕ್ಲೇಮನ್ನು ಹೀಗೆ ಶುರುಮಾಡುತ್ತೇನೆ: ಕಸ ಹಿಡಿಯುವ ತಟ್ಟೆ, ಅದರ ಅಂಚಿನಿಂದ ಎದ್ದ ಹಲ್ಲುಗಳ ಸಾಲು, ಹಲ್ಲುಗಳು ತೂರಿಬರುವಷ್ಟು ಕಂಡಿಗಳಿದ್ದು, ಹಲ್ಲಿನ ಬುಡದಿಂದ ತುದಿಯ ಕಡೆಗೆ ಸರಿಯುವ ಪಟ್ಟಿ. ಅಷ್ಟೇ. ಪ್ಲಾಸ್ಟಿಕ್ ಇಲ್ಲ, ಲೆಕ್ಕ ಇಲ್ಲ, ಸ್ಪ್ರಿಂಗ್ ಇಲ್ಲ. ಸ್ಪ್ರಿಂಗ್ ಎರಡನೇ ಕ್ಲೇಮಿಗೆ ಹೋಗುತ್ತದೆ: ‘1ನೇ ಕ್ಲೇಮಿನ ಮೊರ, ಅದರಲ್ಲಿ ಪಟ್ಟಿ ಸ್ಪ್ರಿಂಗ್‌ನಿಂದ ವಾಪಸ್ ಬರುತ್ತದೆ.’ ಮೂರನೆಯದರಲ್ಲಿ ಕಾಲಿನಿಂದ ಒತ್ತುವ ಪೆಡಲ್. ಮೊದಲನೆಯದು ಬಿದ್ದುಹೋದರೂ ಕೆಳಗಿನವು ಉಳಿಯಲಿ ಅಂತ ಈ ಏರ್ಪಾಡು.

ಮೊದಲನೆಯದು ಬೀಳುವ ಸಾಧ್ಯತೆ ಚೆನ್ನಾಗಿಯೇ ಇದೆ. ಅರ್ಜಿಯನ್ನು ಪರಿಶೀಲಿಸುವ ಪೇಟೆಂಟ್ ಕಚೇರಿಯ ಪರೀಕ್ಷಕರು ಹಲ್ಲಿನ ಹಳೆಯ ಮೊರ ಒಂದನ್ನು ಮುಂದಿಡುತ್ತಾರೆ. ಪಕ್ಕದಲ್ಲಿ, ಸಿಕ್ಕಿದ ಕೂದಲನ್ನು ಪಟ್ಟಿ ತಳ್ಳಿ ಬಿಡಿಸುವ ತಲೆಬಾಚುವ ಬ್ರಷ್ ಒಂದನ್ನು ಇಡುತ್ತಾರೆ. ಸಾಕುಪ್ರಾಣಿಗಳ ಬ್ರಷ್‌ಗಳಲ್ಲೂ ಇದು ಮಾಮೂಲಿ. ‘ಇವೆರಡನ್ನು ಸೇರಿಸುವುದು ಈ ಕೆಲಸ ಗೊತ್ತಿರುವ ಯಾರಿಗಾದರೂ ಹೊಳೆಯುವ ವಿಷಯ’ ಅಂತ ಬರೆಯುತ್ತಾರೆ. ಆಗ ನಿಮ್ಮ ಕೈಯಲ್ಲಿ ಉತ್ತರ ಇರಬೇಕು. ಬ್ರಷ್‌ನ ಪಟ್ಟಿಯನ್ನು ಹಾಗೇ ತಂದು ಮೊರಕ್ಕೆ ಹಾಕಿದರೆ ಏನು ತೊಂದರೆ ಆಯಿತು? ಪೊರಕೆ ಎಳೆಯುವಾಗ ಪಟ್ಟಿ ಮೇಲೆದ್ದು ಬರುತ್ತಿತ್ತಾ? ಕಾಲಿನಿಂದ ಒತ್ತಿದಾಗ ಮೊರ ಮಗುಚುತ್ತಿತ್ತಾ? ಅದನ್ನು ಹೇಗೆ ಸರಿಮಾಡಿದಿರಿ? ಪೇಟೆಂಟ್ ಸಿಗುವುದು ಬಹಳ ಸಲ ಆ ಸರಿಮಾಡಿದ ತುಂಡಿಗೇ. ಮಾದರಿ ಮಾಡದೆ ಅರ್ಜಿ ಬರೆಯಬೇಡಿ ಅಂತ ನಾನು ಹಠ ಹಿಡಿಯುವುದು ಇದಕ್ಕೇ. ಕಾನೂನು ಮಾದರಿ ಕೇಳುವುದಿಲ್ಲ. ಆದರೆ ರಟ್ಟು, ತಂತಿ, ತ್ರೀಡಿ ಪ್ರಿಂಟ್, ಏನಾದರೂ ಸರಿ, ಒಂದನ್ನು ಮಾಡಿ ನಾಲ್ಕು ದಿನ ಮನೆ ಗುಡಿಸಿದರೆ ಕಾಗದದ ಮೇಲೆ ಹೊಳೆಯದ ತೊಂದರೆಗಳೆಲ್ಲ ಎದುರಾಗುತ್ತವೆ.

ಇನ್ನೊಂದು ಗೊಂದಲ ಎಲ್ಲರಿಗೂ ಇರುತ್ತದೆ. ಪೇಟೆಂಟ್ ಅಂದರೆ ಮಾರುವ ಹಕ್ಕಲ್ಲ, ಬೇರೆಯವರನ್ನು ತಡೆಯುವ ಹಕ್ಕು. ಹಲ್ಲಿನ ಮೊರದ ಮೇಲೆ ಯಾರದ್ದಾದರೂ ಪೇಟೆಂಟ್ ಜೀವಂತ ಇದ್ದರೆ, ನಿಮ್ಮ ಪಟ್ಟಿಗೆ ಪೇಟೆಂಟ್ ಸಿಕ್ಕ ಮೇಲೂ ಅವರ ಒಪ್ಪಿಗೆ ಇಲ್ಲದೆ ನೀವು ಮೊರ ಮಾರುವಂತಿಲ್ಲ. ಅವರ ಅವಧಿ ಮುಗಿದಿದ್ದರೆ ಚಿಂತೆ ಇಲ್ಲ. ಅವಧಿ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ 20 ವರ್ಷ, ಅದೂ ನಡುನಡುವೆ ನವೀಕರಣ ಶುಲ್ಕ ಕಟ್ಟುತ್ತಿದ್ದರೆ ಮಾತ್ರ.

ಶುಲ್ಕದ ಮಾತು ಬಂದರೆ ಎಲ್ಲರೂ ಅಮೆರಿಕದ ಕ್ಯಾಥರೀನ್ ಹೆಟಿಂಗರ್ ಹೆಸರು ಹೇಳುತ್ತಾರೆ. ಬೆರಳ ಮೇಲೆ ತಿರುಗಿಸುವ ಒಂದು ಆಟಿಕೆಗೆ ಅವರಿಗೆ ಪೇಟೆಂಟ್ ಇತ್ತು. 400 ಡಾಲರ್ ನವೀಕರಣ ಶುಲ್ಕ ಕಟ್ಟಲಾಗದೆ 2005ರಲ್ಲಿ ಅದನ್ನು ಬಿಟ್ಟರು. 2017ರಲ್ಲಿ ಫಿಜೆಟ್ ಸ್ಪಿನ್ನರ್ ಹುಚ್ಚು ಹಬ್ಬಿದಾಗ ‘ಅಯ್ಯೋ, ಕೋಟಿಗಟ್ಟಲೆ ಹೋಯಿತಲ್ಲ’ ಅಂತ ಸುದ್ದಿಯಾಯಿತು. ಆದರೆ ಅವರ ಕ್ಲೇಮ್ ಓದಿದವರು ಹೇಳಿದ್ದೇ ಬೇರೆ. ಅವರದ್ದು ಗುಮ್ಮಟದಂಥ ಆಕಾರದ್ದು, ಮೂರು ರೆಕ್ಕೆ ನಡುವೆ ಬೇರಿಂಗ್ ಇರುವ ಸ್ಪಿನ್ನರ್ ಅದರೊಳಗೆ ಬರುತ್ತಲೇ ಇರಲಿಲ್ಲ. ಶುಲ್ಕ ಕಟ್ಟಿದ್ದರೂ ತಡೆಯಲು ಆಗುತ್ತಿರಲಿಲ್ಲ. ಮತ್ತೆ ಕ್ಲೇಮಿಗೇ ಬಂದೆವು ನೋಡಿ.

ಈಗ ಬಾಯಿ ಬಿಗಿಹಿಡಿಯುವ ವಿಷಯ. ಅರ್ಜಿ ಹಾಕುವ ಮೊದಲು ವಿಡಿಯೊ ಹಾಕಬೇಡಿ, ಮೇಳದಲ್ಲಿ ಇಡಬೇಡಿ, ಹತ್ತು ಪೀಸ್ ಮಾಡಿ ಮಾರಿ ನೋಡಬೇಡಿ. ನೀವೇ ಬಯಲು ಮಾಡಿದರೂ ಹೊಸತನ ಹೋದಂತೆಯೇ ಲೆಕ್ಕ. ಅಮೆರಿಕದಲ್ಲಿ ಹಾಗೆ ಬಯಲಾದ ಮೇಲೂ ಒಂದು ವರ್ಷ ಕಾಲಾವಕಾಶ ಇದೆ. ಯುರೋಪಿನಲ್ಲಿ ಅಂಥ ರಿಯಾಯಿತಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಪ್ರೊವಿಷನಲ್, ಅಂದರೆ ತಾತ್ಕಾಲಿಕ ಅರ್ಜಿಗೆ ಅವಕಾಶ ಇರುವ ಕಡೆ ಮೊದಲು ಅದನ್ನು ಹಾಕಿ. ಖರ್ಚು ಕಡಿಮೆ, ದಿನಾಂಕ ನಿಮ್ಮ ಹೆಸರಿಗೆ ಬರುತ್ತದೆ, ಪೂರ್ಣ ಅರ್ಜಿಗೆ 12 ತಿಂಗಳು ಸಿಗುತ್ತದೆ. ಆದರೆ ಅದರಲ್ಲಿ ಬರೆಯದ ವಿಷಯಕ್ಕೆ ಆ ದಿನಾಂಕ ಸಿಗುವುದಿಲ್ಲ. ಎರಡು ಸಾಲು ಗೀಚಿ ಹಾಕಿದರೆ ಎರಡು ಸಾಲಿಗಷ್ಟೇ ರಕ್ಷಣೆ. 1883ರ ಪ್ಯಾರಿಸ್ ಒಪ್ಪಂದದ ಪ್ರಕಾರ ಬೇರೆ ದೇಶಗಳಲ್ಲಿ ಅರ್ಜಿ ಹಾಕಲೂ ಮೊದಲ ಅರ್ಜಿಯಿಂದ 12 ತಿಂಗಳೇ. ಪಿಸಿಟಿ ಅನ್ನುವ ಅಂತರರಾಷ್ಟ್ರೀಯ ಅರ್ಜಿ ಹಾಕಿದರೆ ದೇಶಗಳನ್ನು ಆರಿಸಲು ಸಾಮಾನ್ಯವಾಗಿ 30 ತಿಂಗಳವರೆಗೆ ಸಮಯ ಸಿಗುತ್ತದೆ. ಹೆಸರು ದೊಡ್ಡದು, ಆದರೆ ಪ್ರಪಂಚಕ್ಕೆಲ್ಲ ಒಂದೇ ಪೇಟೆಂಟ್ ಅನ್ನುವುದು ಇಲ್ಲ.

ಈ ಗಡುವು ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ಎರ್ನೋ ರೂಬಿಕ್ ಅವರ ಘನವೇ ಸಾಕ್ಷಿ. 1975ರಲ್ಲಿ ಅವರು ಹಂಗೇರಿಯಲ್ಲಿ ಅರ್ಜಿ ಹಾಕಿದರು. ಬೇರೆ ದೇಶಗಳಲ್ಲಿ ಸಮಯಕ್ಕೆ ಹಾಕಿರಲಿಲ್ಲ. ಪಶ್ಚಿಮದಲ್ಲಿ ಅದನ್ನು ಮಾರಲು ಹೊರಟ ಐಡಿಯಲ್ ಟಾಯ್ ಕಂಪನಿಗೆ ಹಿಡಿದುಕೊಳ್ಳಲು ಪೇಟೆಂಟ್ ಇರಲಿಲ್ಲ. ಹಾಗಾಗಿ ಟ್ರೇಡ್‌ಮಾರ್ಕ್ ಮಾಡಿಸಬಹುದಾದ ಹೆಸರು ಬೇಕಾಯಿತು. ‘ಮ್ಯಾಜಿಕ್ ಕ್ಯೂಬ್’ ಹೋಗಿ 1980ರಲ್ಲಿ ‘ರೂಬಿಕ್ಸ್ ಕ್ಯೂಬ್’ ಆಯಿತು. ನಕಲುಗಳು ಬಂದವು, ಆದರೆ ಆ ಹೆಸರು ಹಾಕಿಕೊಳ್ಳಲು ಅವಕ್ಕೆ ಆಗಲಿಲ್ಲ.

ಆಟಿಕೆಗೆ ದಾರಿ ಬೇರೆ ಅಂದಿದ್ದು ಇದಕ್ಕೇ. ಪೇಟೆಂಟ್ ಸಿಗಲು ಎರಡು ಮೂರು ವರ್ಷ ಹಿಡಿಯುವುದು ಮಾಮೂಲಿ. ಬಹಳಷ್ಟು ಆಟಿಕೆಗಳ ಆಯುಸ್ಸೇ ಅಷ್ಟಿರುವುದಿಲ್ಲ, ಒಂದೆರಡು ಸೀಸನ್ ಓಡಿ ಮುಗಿಯುತ್ತವೆ. ಮೊರ, ಸಿಪ್ಪೆ ಹೆರೆಯುವ ಸಾಧನ, ಬಟ್ಟೆ ಕ್ಲಿಪ್ಪು ಇವು ಹತ್ತು ವರ್ಷ ಮಾರಾಟವಾಗಬಹುದು, ಅಲ್ಲಿ ಪೇಟೆಂಟಿಗೆ ಅರ್ಥ ಇದೆ. ಆಟಿಕೆಗೆ ನಾನು ಮೊದಲು ಹೇಳುವುದು ಡಿಸೈನ್ ನೋಂದಣಿ, ಒಳ್ಳೆಯ ಹೆಸರು, ಅದಕ್ಕೊಂದು ಟ್ರೇಡ್‌ಮಾರ್ಕ್. ಡಿಸೈನ್ ಕಾಪಾಡುವುದು ರೂಪವನ್ನು ಮಾತ್ರ, ಕೆಲಸ ಮಾಡುವ ರೀತಿಯನ್ನಲ್ಲ. ಒಳಗೆ ನಿಜವಾಗಲೂ ಹೊಸ ಯಾಂತ್ರಿಕ ಚಳಕ ಇದ್ದರೆ ಪೇಟೆಂಟ್ ಕೂಡ ಇರಲಿ. ಲೆಗೊ ಇಟ್ಟಿಗೆಗಳು ಕಚ್ಚಿಕೊಳ್ಳುವ ಬಗೆಗೆ 1958ರಲ್ಲಿ ಪೇಟೆಂಟ್ ಅರ್ಜಿ ಬಿತ್ತು. ಅದರ ಅವಧಿ ಮುಗಿದ ಮೇಲೆ ಇಟ್ಟಿಗೆಯ ಆಕಾರವನ್ನೇ ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಕಂಪನಿ ನೋಡಿತು. ಆ ಆಕಾರ ಕೆಲಸಕ್ಕಾಗಿ ಇರುವುದು ಅಂತ ಯುರೋಪಿನ ನ್ಯಾಯಾಲಯ 2010ರಲ್ಲಿ ಒಪ್ಪಲಿಲ್ಲ.

ನಿಮ್ಮ ಅಯಸ್ಕಾಂತದ ಬಗ್ಗೆ ನನಗೆ ನಿಜಕ್ಕೂ ಆತಂಕ ಇದೆ. ಮಗು ಎರಡು ಬಲವಾದ ಅಯಸ್ಕಾಂತ ನುಂಗಿದರೆ ಅವು ಕರುಳಿನ ಗೋಡೆಗಳ ಆಚೀಚೆ ಒಂದಕ್ಕೊಂದು ಅಂಟಿ ಕರುಳನ್ನೇ ತೂತು ಮಾಡಬಲ್ಲವು. ಆಟಿಕೆ ಪರೀಕ್ಷೆಯಲ್ಲಿ 31.7 ಮಿಲಿಮೀಟರ್ ಅಗಲದ ಒಂದು ಪುಟ್ಟ ಕೊಳವೆ ಬಳಸುತ್ತಾರೆ, ತಳ ಓರೆಯಾಗಿರುತ್ತದೆ. ಬಿಡಿಭಾಗ ಒತ್ತದೆ ಅದರೊಳಗೆ ಪೂರ್ತಿ ಕೂತರೆ ಅದು ‘ಸಣ್ಣ ಭಾಗ’. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯಲ್ಲಿ ಅಂಥದ್ದು ಇರುವಂತಿಲ್ಲ. ಬೀಳಿಸಿ, ತಿರುಚಿ, ಎಳೆದು ನೋಡಿದ ಮೇಲೆ ಕಳಚಿ ಬಂದ ಚೂರಿಗೂ ಇದೇ ಪರೀಕ್ಷೆ. ಅಯಸ್ಕಾಂತವನ್ನು ಹೊರಗಿನಿಂದ ಅಂಟಿಸುವ ಬದಲು ಪ್ಲಾಸ್ಟಿಕ್ಕಿನ ಒಳಗೆ ಸೀಲ್ ಮಾಡಿ, ಒಡೆದರೂ ಈಚೆ ಬರದ ಹಾಗೆ. ಈ ಬದಲಾವಣೆಯನ್ನು ಅರ್ಜಿಗೆ ಮೊದಲೇ ಮಾಡಿ. ಆಮೇಲೆ ಮಾಡಿದರೆ ನೀವು ಮಾರುವ ವಸ್ತು ಒಂದು, ಅರ್ಜಿಯಲ್ಲಿರುವುದು ಇನ್ನೊಂದು ಆಗಿಬಿಡುತ್ತದೆ.

ಕಂಪನಿಗೆ ತೋರಿಸುವ ವಿಷಯ. ದೊಡ್ಡ ಆಟಿಕೆ ಕಂಪನಿಗಳಲ್ಲಿ ಹಲವು, ಹೊರಗಿನವರ ಐಡಿಯಾವನ್ನು ನೇರವಾಗಿ ತೆರೆದೂ ನೋಡುವುದಿಲ್ಲ, ಏಜೆಂಟ್ ಮೂಲಕ ಬನ್ನಿ ಅನ್ನುತ್ತವೆ. ನೋಡುವವರು ಬಹಳ ಸಲ ನಿಮ್ಮ ಗೋಪ್ಯತೆ ಪತ್ರಕ್ಕೆ ಸಹಿ ಹಾಕುವುದಿಲ್ಲ. ಬದಲಿಗೆ ‘ಇದನ್ನು ಗುಟ್ಟು ಅಂತ ನಾವು ಪರಿಗಣಿಸುವುದಿಲ್ಲ’ ಅನ್ನುವ ಪತ್ರಕ್ಕೆ ನಿಮ್ಮ ಸಹಿ ಕೇಳುತ್ತಾರೆ. ಅದು ಮೋಸ ಅಲ್ಲ. ಒಳಗೆ ಅಂಥದ್ದೇ ಒಂದು ಕೆಲಸ ಮೊದಲೇ ನಡೆಯುತ್ತಿರಬಹುದು, ನಾಳೆ ನೀವು ಕೇಸು ಹಾಕುತ್ತೀರಿ ಅನ್ನುವ ಭಯ ಅವರಿಗೆ. ಹಾಗಾಗಿ ಅರ್ಜಿಯ ದಿನಾಂಕವೇ ನಿಮ್ಮ ರಕ್ಷಣೆ. ಸೂಪರ್ ಸೋಕರ್ ನೀರಿನ ಪಿಸ್ತೂಲ್ ಕಂಡುಹಿಡಿದ ಎಂಜಿನಿಯರ್ ಲಾನಿ ಜಾನ್ಸನ್‌ಗೆ ಅದು ಹೊಳೆದದ್ದು 1982ರಲ್ಲಿ. 1986ಕ್ಕೆ ಪೇಟೆಂಟ್ ಸಿಕ್ಕಿತ್ತು. ಅದಾದ ಮೇಲೆ ಪಿವಿಸಿ ಪೈಪು, ಸೋಡಾ ಬಾಟಲಿಯಿಂದ ಮಾಡಿದ ಮಾದರಿ ಹಿಡಿದು ಲಾರಾಮಿ ಅನ್ನುವ ಕಂಪನಿಗೆ ಹೋಗಿ, ಆ ಕೋಣೆಯಲ್ಲೇ ನೀರು ಹಾರಿಸಿ ತೋರಿಸಿದರು. 1990ರಲ್ಲಿ ಅಂಗಡಿಗೆ ಬಂತು. ಆಟಿಕೆಗೆ ರಾಯಲ್ಟಿ ಸಾಮಾನ್ಯವಾಗಿ ಶೇಕಡಾ 5ರ ಆಸುಪಾಸು, ಅದೂ ಸಗಟು ಬೆಲೆಯ ಮೇಲೆ, ಅಂಗಡಿ ಬೆಲೆಯ ಮೇಲಲ್ಲ. ಕಡಿಮೆ ಅನ್ನಿಸಬಹುದು. ಆದರೆ ಅಚ್ಚಿನ ಖರ್ಚು, ಪರೀಕ್ಷೆ, ದಾಸ್ತಾನು ಎಲ್ಲ ಅವರ ತಲೆಮೇಲೆ. ಪ್ಲಾಸ್ಟಿಕ್ ವಸ್ತುವಿನಲ್ಲಿ ಅಚ್ಚು ಮಾಡಿಸುವುದೇ ದೊಡ್ಡ ಬಾಬತ್ತು, ಒಮ್ಮೆ ಕೊಟೇಶನ್ ತರಿಸಿ ನೋಡಿ.

ಕೊನೆಗೆ ಒಂದು. ‘ನಿಮ್ಮ ಐಡಿಯಾ ಅದ್ಭುತ, ದುಡ್ಡು ಕಟ್ಟಿ, ಪೇಟೆಂಟಿನಿಂದ ಹಿಡಿದು ಕಂಪನಿ ಹುಡುಕುವವರೆಗೆ ಎಲ್ಲ ನಾವೇ ಮಾಡುತ್ತೇವೆ’ ಅನ್ನುವವರು ನಿಮಗೆ ಸಿಕ್ಕೇ ಸಿಗುತ್ತಾರೆ. ಇವರ ಕಾಟ ತಡೆಯಲಾಗದೆ ಅಮೆರಿಕದಲ್ಲಿ 1999ರಲ್ಲಿ ಕಾನೂನೇ ಬಂತು. ಕಟ್ಟಿದ್ದಕ್ಕಿಂತ ಹೆಚ್ಚು ಸಂಪಾದಿಸಿದ ಗಿರಾಕಿಗಳು ಎಷ್ಟು ಮಂದಿ ಅನ್ನುವುದನ್ನು ಅವರು ಒಪ್ಪಂದಕ್ಕೆ ಮೊದಲೇ ಬರವಣಿಗೆಯಲ್ಲಿ ತಿಳಿಸಬೇಕು. ನೀವು ಎಲ್ಲೇ ಇರಿ, ಅದೇ ಪ್ರಶ್ನೆ ಕೇಳಿ, ಉತ್ತರವನ್ನು ಬರೆದುಕೊಡಲು ಹೇಳಿ. ಹಿಂದೆಮುಂದೆ ನೋಡಿದರೆ ಆ ದುಡ್ಡಿನಲ್ಲಿ ಇನ್ನೊಂದು ಮಾದರಿ ಮಾಡಿಸಿ.