ಮಧ್ಯಾಹ್ನದ ಡಿಓ ನಂಬಿ ಏರೇಟರ್ ನಿಲ್ಲಿಸಬೇಡಿ

ಸರ್, ಮಧ್ಯಾಹ್ನ 3 ಗಂಟೆಗೆ ಕೆರೆಯ ಡಿಓ (ನೀರಿನಲ್ಲಿ ಕರಗಿರುವ ಆಕ್ಸಿಜನ್) 14 ಬಂತು, ನೀರು ಸುಧಾರಿಸಿದೆ, ಇನ್ನು ಏರೇಟರ್ (ನೀರಿಗೆ ಗಾಳಿ ಬೆರೆಸುವ ಯಂತ್ರ) ಬೇಡ ಅಂತ ಫೋಟೊ ಜೊತೆ ಪೋಸ್ಟ್ ಹಾಕಿದ್ದೀರಿ. ದಯವಿಟ್ಟು ನಿಲ್ಲಿಸಬೇಡಿ. ಇದೇ ತಪ್ಪು ಮಾಡಿ ಬುದ್ಧಿ ಕಲಿತವನು ನಾನು. ನಮ್ಮ ಕೆರೆಯ ಡಿಓ 13.6 ಇತ್ತು. ಫೋಟೊ ಹಾಕಿ ಶಭಾಷ್ ಅನ್ನಿಸಿಕೊಂಡಿದ್ದೆ ಕೂಡ.

25 ಡಿಗ್ರಿಯ ಸಿಹಿನೀರು ಗಾಳಿಯಿಂದ ಹಿಡಿದುಕೊಳ್ಳುವುದು ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಅಷ್ಟೇ. ಹಾಗಾದರೆ 14 ಎಲ್ಲಿಂದ ಬಂತು? ನಿಮ್ಮ ಫೋಟೊದಲ್ಲೇ ನೀರು ಹಸಿರು ಬಣ್ಣ ಕಲಸಿದ ಹಾಗಿದೆ ನೋಡಿ. ಬಿಸಿಲಿಗೆ ಪಾಚಿ ಬಿಟ್ಟ ಆಕ್ಸಿಜನ್ ಅದು. ಕತ್ತಲಾದರೆ ಅದೇ ಪಾಚಿ ಆಕ್ಸಿಜನ್ ಎಳೆದುಕೊಳ್ಳುತ್ತದೆ, ತಳದ ಕೆಸರೂ ಪಾಲು ಕೇಳುತ್ತದೆ.

ನಮ್ಮಲ್ಲಿ ಆಗಿದ್ದು ಇದು. ಏರೇಟರ್ ನಿಲ್ಲಿಸಿದ ಮೇಲೆ ಮೂರು ದಿನ ಮೋಡ. ನಾಲ್ಕನೇ ಬೆಳಗಿನ ಜಾವ ಫೋನ್ ಬಂತು. ಹೋಗಿ ನೋಡಿದರೆ ದೊಡ್ಡ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಸಣ್ಣವು ದಡದ ಕಲ್ಲಿನ ಹತ್ತಿರ ಬಾಯಿ ಹೊರಗಿಟ್ಟು ಗುಟುಕು ಗುಟುಕಾಗಿ ಗಾಳಿ ಕುಡಿಯುತ್ತಿದ್ದವು. ಅಲ್ಲೇ ಕೂತು ವಿಂಕ್ಲರ್ ಬಾಟಲಿಗೆ (ರಾಸಾಯನಿಕ ಹಾಕಿ ಡಿಓ ಅಳೆಯುವ ಬಾಟಲಿ) ಕೆರೆ ನೀರು ತುಂಬಿದೆ. ಮ್ಯಾಂಗನೀಸ್ ಸಲ್ಫೇಟ್ ಹಾಕಿದೆ, ಅಯೊಡೈಡ್ ದ್ರಾವಣ ಹಾಕಿದೆ, ಮುಚ್ಚಿ ತಿರುಗಿಸಿದೆ. ಆಕ್ಸಿಜನ್ ಇದ್ದರೆ ಕಂದು ಗಸಿ ಕೂರಬೇಕಿತ್ತು. ಸುಣ್ಣದ ತಿಳಿ ಕದಡಿದ ಹಾಗೆ ಬೆಳ್ಳಗೆ ಕೂತಿತು. ಬಿಳಿ ಅಂದರೆ ಆಕ್ಸಿಜನ್ ಇಲ್ಲ ಅಂತಲೇ ಅರ್ಥ. ಟೈಟ್ರೇಷನ್ ಮಾಡಿ, ಅಂದರೆ ಹನಿ ಹನಿ ದ್ರಾವಣ ಹಾಕಿ, ಪ್ರಮಾಣ ಲೆಕ್ಕ ಹಾಕುವ ಅಗತ್ಯವೇ ಇರಲಿಲ್ಲ.

ಅವತ್ತಿನಿಂದ ನಮ್ಮ ಗುಂಪಿನಲ್ಲಿ ಒಂದೇ ರೂಲ್. ದಿನಕ್ಕೆ ಎರಡು ಸಲ ಡಿಓ ಅಳೆಯಬೇಕು, ಸೂರ್ಯ ಹುಟ್ಟುವ ಮುಂಚೆ ಒಂದು, ಮಧ್ಯಾಹ್ನ ಒಂದು. ಸಮಯ ಬರೆಯದ ಡಿಓ ನಮ್ಮ ಪುಸ್ತಕಕ್ಕೆ ಸೇರುವುದಿಲ್ಲ. ಎರಡು ಡಿಓ ಅಂಕಿಗಳ ನಡುವಿನ ಅಂತರ ಜಾಸ್ತಿ ಆದಷ್ಟೂ ಕೆರೆ ಅಪಾಯದಲ್ಲಿದೆ. ಬೆಳಗಿನದು 4ಕ್ಕಿಂತ ಕೆಳಗೆ ಬಂದರೆ ಎಚ್ಚರ, 2 ಮುಟ್ಟಿದರೆ ಓಡಿ. ಏರೇಟರ್‌ಗೆ ಕರೆಂಟ್ ಉಳಿಸಲೇಬೇಕು ಅಂದರೆ ಹಗಲು ನಿಲ್ಲಿಸಿ, ರಾತ್ರಿ ಓಡಿಸಿ. ಎಲ್ಲರೂ ಉಲ್ಟಾ ಮಾಡುತ್ತಾರೆ.

ಜಾವಕ್ಕೆ ಒಬ್ಬರೇ ಹೋಗಬೇಡಿ, ಇಬ್ಬರು ಪಾಳಿ ಹಾಕಿಕೊಳ್ಳಿ. ಬಾಟಲಿಯಲ್ಲಿ ಒಂದು ಗುಳ್ಳೆ ಉಳಿದರೂ ಲೆಕ್ಕ ಕೆಡುತ್ತದೆ. ವಿಂಕ್ಲರ್ ಪರೀಕ್ಷೆಗೆ ಆಸಿಡ್ ಹಾಕುವಾಗ ಕೈಗವಸು, ಕನ್ನಡಕ ಇರಲಿ. ಮಕ್ಕಳ ಕೈಗೆ ಬಾಟಲಿ ಕೊಟ್ಟು ಫೋಟೊ ತೆಗೆಯುವ ಚಟ ಬಿಡಿ ಮಾರಾಯ್ರೆ.

ಮೀಟರ್ ಯಾವುದು ಅಂತ ಕೇಳಿದ್ದೀರಿ. ವೈಎಸ್‌ಐ ಕಂಪನಿಯ ಆಪ್ಟಿಕಲ್ (ಬೆಳಕಿನಿಂದ ಡಿಓ ಅಳೆಯುವ) ಮೀಟರ್ ಕೈಗೆ ಸಿಕ್ಕರೆ ಕಣ್ಣಿಗೆ ಒತ್ತಿಕೊಳ್ಳಿ. ಸಿಗದಿದ್ದರೆ ವಿಂಕ್ಲರ್ ಕಿಟ್ ಸಾಕು, 1888ರ ವಿಧಾನ, ಇನ್ನೂ ಮೀಟರನ್ನು ಸರಿ ನೋಡುವುದೇ ಅದರಿಂದ. ಟಿಡಿಎಸ್ ಪೆನ್ ಅದ್ದಿ "ನೀರು ಶುದ್ಧ" ಅನ್ನುವವರ ಜೊತೆ ನಾನು ವಾದ ಮಾಡುವುದನ್ನೇ ಬಿಟ್ಟಿದ್ದೇನೆ. ಅದು ಉಪ್ಪಿನಂಶ ಹೇಳುತ್ತದೆ, ಉಸಿರಿನ ಸುದ್ದಿ ಅದಕ್ಕೆ ಗೊತ್ತಿಲ್ಲ.

ಸೆಕ್ಕಿ ತಟ್ಟೆಯೂ (ನೀರು ಎಷ್ಟು ತಿಳಿ ಅಂತ ನೋಡಲು ಹಗ್ಗಕ್ಕೆ ಕಟ್ಟಿ ಇಳಿಸುವ ತಟ್ಟೆ) ಇಳಿಸಿ, ದೋಣಿಯ ನೆರಳಿನ ಕಡೆಯಿಂದ, ತಂಪು ಕನ್ನಡಕ ತೆಗೆದು. 30 ಸೆಂ.ಮೀ. ಒಳಗೇ ಮಾಯವಾದರೆ ರಾತ್ರಿಗೆ ಕಾವಲು ಹಾಕಿ. ಮಳೆಯ ಕೆಮ್ಮಣ್ಣು ನೀರಿಗೆ ಈ ಲೆಕ್ಕ ಬೇಡ, ಹಸಿರಾಗಿದ್ದರೆ ಮಾತ್ರ.

ನಿಮ್ಮ ಪೋಸ್ಟ್ ಕೆಳಗೆ ಯಾರೋ ಪಾಚಿ ಕೊಲ್ಲಲು ಮೈಲುತುತ್ತ ಹಾಕಿ ಅಂದಿದ್ದಾರೆ. ಖಂಡಿತ ಬೇಡ! ಪಾಚಿ ಒಟ್ಟಿಗೆ ಸತ್ತು ಕೊಳೆತರೆ ಇರುವ ಆಕ್ಸಿಜನ್ನೂ ಹೋಯಿತು. ಒಳಬರುವ ಕೊಳಚೆ ತಡೆಯಿರಿ. ಕಿತ್ತ ಜೊಂಡನ್ನು ಏರಿ ಮೇಲೆ ರಾಶಿ ಹಾಕಬೇಡಿ, ಮಳೆಗೆ ಅದರ ಸಾರವೆಲ್ಲ ವಾಪಸ್ ಕೆರೆಗೇ ಇಳಿಯುತ್ತದೆ.

ನದಿ ಸಮುದ್ರ ಸೇರುವ ಅಳಿವೆಯಲ್ಲಿ ಡಿಓ ಅಳೆಯುವವರು ಮೀಟರಿಗೆ ಉಪ್ಪಿನ ಪ್ರಮಾಣ ಕೊಡುವುದನ್ನು ಮರೆಯಬೇಡಿ. ಅದೇ 25 ಡಿಗ್ರಿಗೆ ಸಮುದ್ರದ ನೀರು ಹಿಡಿಯುವುದು ಸುಮಾರು 6.7 ಮಾತ್ರ. ಮೇಲೆ ಸಿಹಿನೀರು, ಕೆಳಗೆ ಉಪ್ಪುನೀರು ಪದರ ಕಟ್ಟಿರುತ್ತದೆ, ಅಲ್ವಾ, ತಳದ ನೀರನ್ನೂ ತೆಗೆದು ನೋಡಿ. ಭರತವೋ ಇಳಿತವೋ ಅದನ್ನೂ ಬರೆಯಿರಿ.

ಸರ್, ಇವತ್ತು ರಾತ್ರಿ ಏರೇಟರ್ ಓಡಲಿ. ನಾಳೆ ಐದೂವರೆಗೆ ಅಳೆದು ಈ ಫೋಟೊದ ಕೆಳಗೇ ಹಾಕಿ.